ಹನ್ನೆರಡು ಅಡಿಯ ಸಿಂಹಸಂಸಾರ

ಬುರುಡೆ ಪೇಂಟರ್ ಬಗ್ಗೆ ಆ ಬೀದಿಯಲ್ಲಿ ಹೇಳುವ ಮಾತುಗಳಲ್ಲಿ ಅರ್ಧದಷ್ಟು ನಿಜ, ಉಳಿದರ್ಧ ಅದಕ್ಕಿಂತಲೂ ನಿಜ. ಚಪ್ಪಲಿ ಅಂಗಡಿಯ ಬೋರ್ಡಿನ ಮೇಲೆ ಅವನು ಬರೆದ ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡಲು ಹೋಗಿ ಮೂರು ಜನ ಏಣಿಯಿಂದ ಬಿದ್ದಿದ್ದರು. ಬೀಗದಂಗಡಿಯ ಗೋಡೆಗೆ ಬರೆದುಕೊಟ್ಟ ಬೀಗವನ್ನು ಕಳ್ಳನೊಬ್ಬ ವಾರವಿಡೀ ತೆಗೆಯಲು ಹೆಣಗಿ, ತನ್ನ ಕಸುಬಿನ ಮೇಲೆಯೇ ಬೇಸರ ಬಂದು, ಈಗ ಅದೇ ಅಂಗಡಿಯಲ್ಲಿ ಬೀಗ ಮಾರುತ್ತಿದ್ದಾನೆ. ಕನ್ನಡಕದಂಗಡಿಯ ಮೇಲಿನ ಆ ಒಂದೇ ಒಂದು ದೊಡ್ಡ ಕಣ್ಣಂತೂ ಎಷ್ಟು ಜೀವಂತವಾಗಿತ್ತೆಂದರೆ, ಎದುರುಮನೆಯವರು ಕಿಟಕಿಗೆ ಎರಡೆರಡು ಪರದೆ ಹಾಕಿಸಿಕೊಂಡರು.

ಇಂಥ ಕೈ ಅವನಿಗೆ ಹೇಗೆ ಬಂತು? ಗುಟ್ಟೇನೂ ಇಲ್ಲ. ಎದುರಿಗೆ ಇಲ್ಲದ್ದನ್ನು ಬರೆಯಲು ಅವನ ಕೈ ಸುತಾರಾಂ ಒಪ್ಪುತ್ತಿರಲಿಲ್ಲ. ಚಪ್ಪಲಿ ಬರೆಯಬೇಕಾದರೆ ಮೇಜಿನ ಮೇಲೆ ಚಪ್ಪಲಿ ಇರಬೇಕು, ಬೀಗ ಬರೆಯಬೇಕಾದರೆ ಬೀಗ. ಚಪ್ಪಲಿಯ ಮೇಲೆ ಕೆಸರಿದ್ದರೆ ಬೋರ್ಡಿನಲ್ಲೂ ಕೆಸರು. ಒಮ್ಮೆ ಬಟ್ಟೆಯಂಗಡಿಯ ಬೋರ್ಡಿನಲ್ಲಿ ಅಂಗಿಯ ಮೂರನೆಯ ಗುಂಡಿಯೇ ಇರಲಿಲ್ಲ. ಎದುರಿಗಿಟ್ಟುಕೊಂಡ ಅಂಗಿಯಲ್ಲಿ ಇರಲಿಲ್ಲ, ಅಷ್ಟೆ. ಕೈ ಹೀಗೆ ಒಂದೇ ಒಂದು ಸುಳ್ಳು ಹೇಳಲೂ ಒಪ್ಪದ ಕಾರಣಕ್ಕೋ ಏನೋ, ಆ ಕೆಲಸವನ್ನೆಲ್ಲ ಬಾಯಿ ವಹಿಸಿಕೊಂಡಿತ್ತು. ಬುರುಡೆ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ, ಅಂಚೆಯವನೂ ಅದೇ ಹೆಸರು ಕೂಗಿ ಕಾಗದ ಕೊಡುತ್ತಿದ್ದ.

ಹೀಗಿರುವಾಗ ಎರಡು ಬೀದಿಯಾಚೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರಮ್ಮ ಅವನಿಗೆ ಹೇಳಿಕಳಿಸಿದರು. ಅವರ ಕಷ್ಟ ಏನೆಂದರೆ, ಬಂದ ರೋಗಿಗಳು ಹೊರಗಿನ ಬೆಂಚಿನ ಮೇಲೆ ಕೂತು, ಒಳಗಿನ ಯಂತ್ರದ ಕೊಂಯ್ ಸದ್ದು ಕೇಳಿ, ಸರದಿ ಬರುವುದರೊಳಗೆ ಮಾಯವಾಗಿಬಿಡುತ್ತಿದ್ದರು. ಆ ವಾರ ಒಬ್ಬರು ಒಂದೇ ಕಾಲಿನ ಚಪ್ಪಲಿ ಬಿಟ್ಟು ಓಡಿದ್ದರು.

"ಈ ಗೋಡೆ ತುಂಬ ಒಂದು ಚಿತ್ರ ಬೇಕು," ಎಂದರು ಡಾಕ್ಟರಮ್ಮ. "ನೋಡ್ತಾ ಕೂತವರಿಗೆ ಹಲ್ಲುನೋವೇ ಮರೆತುಹೋಗ್ಬೇಕು. ಸಿಂಹಗಳು. ಸರ್ಕಸ್ಸಿನವಲ್ಲ, ಬೋನಿನವಲ್ಲ. ಕಾಡಲ್ಲಿ ಅವುಗಳ ಪಾಡಿಗೆ ಅವು ಇರೋ ಹಾಗೆ. ಬರೀತೀರಾ?"

ಪೇಂಟರ್ ಸಿಂಹವನ್ನು ಕಂಡಿದ್ದು ಬೆಂಕಿಪೊಟ್ಟಣದ ಮೇಲೆ ಮಾತ್ರ. ಆದರೆ ಬಾಯಿ ಆಗಲೇ ಹೊರಟಾಗಿತ್ತು.

"ಮೇಡಂ, ನಾನು ಸಿಂಹಗಳ ಜೊತೆ ಹದಿನೆಂಟು ದಿನ ಇದ್ದವನು. ಮೊದಲ ಎರಡು ದಿನ ಅವಕ್ಕೂ ಸ್ವಲ್ಪ ಸಂಕೋಚ ಇತ್ತು. ಮೂರನೇ ದಿನದಿಂದ ನಾನು ಬ್ರಷ್ ತೊಳೆಯೋಕೆ ಹೋದ್ರೆ ನೀರಿನ ತನಕ ಬಂದು ಬಿಟ್ಟು ಹೋಗ್ತಿದ್ವು."

"ಅಬ್ಬಾ! ಹಾಗಿದ್ರೆ ನನ್ನ ದೊಡ್ಡಮ್ಮನಿಗೆ ನೀವು ಸರಿಯಾದ ಜೋಡಿ. ಅವರು ಮೃಗಾಲಯದಲ್ಲಿ ಮೂವತ್ತು ವರ್ಷ ಸಿಂಹಗಳಿಗೇ ಡಾಕ್ಟ್ರಾಗಿದ್ರು. ಬರೆದು ಮುಗಿಸಿ, ಅವರೇ ಬಂದು ನೋಡ್ತಾರೆ."

ಪೇಂಟರ್ ಗೋಡೆಯ ಅಳತೆ ತೆಗೆಯುವವನಂತೆ ಅತ್ತ ತಿರುಗಿಕೊಂಡ. ಆದರೂ ಮೂವತ್ತೊಂದು ವರ್ಷದಿಂದ ಎದೆಯಲ್ಲಿದ್ದ ಮಾತನ್ನು ಅವತ್ತು ಕೇಳಿಯೇಬಿಟ್ಟ. ಊರಿನ ಅಷ್ಟೂ ಅಂಗಡಿಗಳ ಹೆಸರು ಬರೆದವನು ಅವನು. ಕಾಲಲ್ಲೂ ನಿದ್ದೆಯಲ್ಲೂ ಬರೆಯಬಲ್ಲ. ಆದರೆ ಬೋರ್ಡಿನ ಮೇಲೆ ಬರೆದವನ ಹೆಸರು ಯಾರಿಗೆ ಬೇಕು? ತನ್ನದೆಂದು ಒಂದು ಅಕ್ಷರವನ್ನೂ ಎಲ್ಲಿಯೂ ಬಿಟ್ಟಿರಲಿಲ್ಲ.

"ಚಿತ್ರದ ಮೂಲೇಲಿ ನನ್ನ ಹೆಸರು ಬರೀಬಹುದಾ, ಮೇಡಂ?"

ಡಾಕ್ಟರಮ್ಮ ನಕ್ಕರು. "ದೊಡ್ಡಮ್ಮ ನೋಡಿ, ಸಿಂಹ ಸಿಂಹದ ಹಾಗೇ ಇದೆ ಅಂದ್ರೆ ಧಾರಾಳವಾಗಿ ಬರೀರಿ. ಇಲ್ಲ ಅಂದ್ರೆ ಸುಣ್ಣ ಬಳಿಸ್ತೀನಿ. ಆಯ್ತಾ?"

"ಸುಣ್ಣದ ಮಾತೇ ಬರಲ್ಲ," ಎಂದು ಎದೆ ತಟ್ಟಿಕೊಂಡು ಪೇಂಟರ್ ಹೊರಬಂದ. ಮೂರು ಮೆಟ್ಟಿಲನ್ನು ಒಂದೇ ಹೆಜ್ಜೆಯಲ್ಲಿ ಇಳಿದ. ಖುಷಿಗಲ್ಲ, ಡಾಕ್ಟರಮ್ಮ ಇನ್ನೇನಾದರೂ ಕೇಳಿಬಿಟ್ಟಾರೆಂದು.

ಆ ಗೋಡೆಯ ಅಳತೆಗೆ ಹೊಂದುವ ಹನ್ನೆರಡು ಅಡಿ ಉದ್ದದ ಕ್ಯಾನ್ವಾಸು ಮನೆಯ ನಡುಕೋಣೆಯಲ್ಲಿ ಎದ್ದು ನಿಂತಿತು. ಅಡುಗೆಮನೆಗೆ ಹೋಗಬೇಕಾದವರು ಅದರ ಕೆಳಗೆ ತೆವಳಿಕೊಂಡು ಹೋಗಬೇಕು. ಹೆಂಡತಿ ಟೈಲರ್; ಹೊಲಿಗೆಯಂತ್ರವನ್ನು ಮೂಲೆಗೆ ತಳ್ಳಿದ್ದಕ್ಕೆ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಕೇಳಿದಳು: "ಅಲ್ಲಾರೀ, ನಿಮ್ಮ ಕೈ ನೋಡಿದ್ದನ್ನಷ್ಟೇ ಬರೆಯೋದು. ಸಿಂಹಾನ ಎಲ್ಲಿಂದ ತರ್ತೀರಿ?"

ಹುಲ್ಲು ಕಿಟಕಿಯಾಚೆಯ ಖಾಲಿ ಸೈಟಿನಲ್ಲಿತ್ತು; ಅದಕ್ಕೆದುರಾಗಿ ಕುರ್ಚಿ ಹಾಕಿಕೊಂಡು ಕೂತು ಬರೆದ. ಮರ ಬಸ್‌ ನಿಲ್ದಾಣದ ಹಿಂದಿನದು; ಅಲ್ಲೇ ನಿಂತು ಕಾಗದದ ಮೇಲೆ ಬರೆದುಕೊಂಡು ಬಂದ. ಆ ಹುಲ್ಲು ಎಂಥ ಹುಲ್ಲೆಂದರೆ, ಪಕ್ಕದ ಮನೆಯ ಆಡು ಕಿಟಕಿಯಿಂದ ತಲೆ ತೂರಿಸಿ ಎಡಮೂಲೆಯ ಅರ್ಧ ಅಡಿಯನ್ನು ತಿಂದೇಬಿಟ್ಟಿತು. ಅಲ್ಲಿ ಮತ್ತೆ ಕ್ಯಾನ್ವಾಸು ಅಂಟಿಸಬೇಕಾಯಿತು. ಸಿಂಹಗಳ ಮೈಕಟ್ಟಿಗೆ ಹಳೆಯ ಕ್ಯಾಲೆಂಡರಿನ ಫೋಟೋ ಒಂದು ಸಿಕ್ಕಿತು. ಅದನ್ನು ನೋಡಿ ಗೆರೆ ಎಳೆದದ್ದೇನೋ ಆಯಿತು. ಆದರೆ ಫೋಟೋದ ಸಿಂಹದ ಕಣ್ಣು ಸಾಸಿವೆಕಾಳಿನಷ್ಟು, ಬಾಯಿ ಬಿಗಿಯಾಗಿ ಮುಚ್ಚಿತ್ತು. ಜೀವ ಬರಬೇಕಾದ ಜಾಗಕ್ಕೆ ಬಂದು ಕೈ ನಿಂತುಬಿಟ್ಟಿತು. ಒಂದು ದಿನ, ಎರಡು ದಿನ, ಐದು ದಿನ. ಬ್ರಷ್ಷಿನ ತುದಿಯ ಬಣ್ಣ ಒಣಗಿ ಕಲ್ಲಾಯಿತು.

ಆರನೆಯ ದಿನ ಭಾನುವಾರ. ಹೆಂಡತಿಯ ತಮ್ಮ ಊಟಕ್ಕೆ ಬಂದ. ಈ ಭಾಮೈದ ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದವನು. ಗಿರಾಕಿಗಳ ಎದುರು ಹಾಸಿಗೆಯ ಮೇಲೆ ಮಲಗಿ ತೋರಿಸುವುದೇ ಅವನ ಕೆಲಸ, ಹತ್ತು ವರ್ಷದಿಂದ. ಹೀಗಾಗಿ ಮಲಗುವುದರಲ್ಲಿ ಅವನನ್ನು ಮೀರಿಸುವವರು ಭೂಮಂಡಲದಲ್ಲೇ ಇರಲಿಲ್ಲ. ಭುಜದ ತನಕ ಕೂದಲು, ಗಲ್ಲದ ತುಂಬ ಗಡ್ಡ. ಊಟ ಮುಗಿಸಿ ಚಾಪೆಯ ಮೇಲೆ ಪಕ್ಕಕ್ಕೆ ಒರಗಿ, ಒಂದು ಕೈ ಚಾಚಿ, ಮನೆಯೇ ತನ್ನದೆಂಬಂತೆ ಆಕಳಿಸಿದ. ಆ ಆಕಳಿಕೆಗೆ ಕ್ಯಾಲೆಂಡರ್ ಗೋಡೆಯಿಂದ ಒಂದು ಗೇಣು ಮೇಲೆದ್ದಿತು.

"ಅಲ್ಲಾಡಬೇಡ!" ಎಂದು ಪೇಂಟರ್ ಕಿರುಚಿದ.

"ನಾನು ಯಾವಾಗ ಅಲ್ಲಾಡಿದೀನಿ, ಭಾವ?"

ಅಲ್ಲಿಂದ ಕೈ ಓಡಿದ ಓಟ! ಭಾಮೈದನ ಕೂದಲೇ ಕೇಸರವಾಯಿತು. ಪೇಂಟರನ ಬಳಿ ಮೂರೇ ಕೂದಲಿನ ಒಂದು ಬ್ರಷ್ಷಿತ್ತು. ಅದರಿಂದ ಎಳೆ ಎಳೆಯಾಗಿ ಎಂಟು ಲಕ್ಷ ಕೂದಲು ಎಳೆದ, ಅದರಲ್ಲಿ ನರೆತದ್ದು ಹದಿನಾಲ್ಕು. ಬಾಯಿಗೆ ಬಂದಾಗ ಭಾಮೈದನಿಗೆ ನಲವತ್ತು ಸಲ ಆಕಳಿಸಲು ಹೇಳಿ, ಟಾರ್ಚು ಹಿಡಿದು, ಒಳಗೆ ಕಂಡದ್ದನ್ನೆಲ್ಲ ಕಂಡ ಹಾಗೆ ಬರೆದ. ಕೋರೆಹಲ್ಲನ್ನು ಮಾತ್ರ ಬೆಂಕಿಪೊಟ್ಟಣ ನೋಡಿ ಉದ್ದ ಮಾಡಿದ.

"ಭಾವ, ಎಡಗಡೆ ಜಾಸ್ತಿ ಅಗಲಿಸೋಕಾಗಲ್ಲ."

"ಯಾಕೋ?"

"ಸುಮ್ನೆ. ನಂಗೆ ಬಲಗಡೆ ಆಕಳಿಸಿದ್ರೇ ಆರಾಮ."

ಹುಲ್ಲಿನಲ್ಲಿ ಹೊಂಚುಹಾಕುವ ಹೆಣ್ಣುಸಿಂಹಕ್ಕೆ ಹೆಂಡತಿಯೇ ಸಿಕ್ಕಳು. ಅಳತೆ ಸರಿಯಿಲ್ಲವೆಂದು ಅಂಗಿ ವಾಪಸ್ಸು ತಂದ ಗಿರಾಕಿಯನ್ನು ಅವಳು ಕನ್ನಡಕದ ಮೇಲಿಂದ ನೋಡುವ ನೋಟ ಒಂದೇ ಸಾಕಿತ್ತು. ಮರದ ಬುಡದಲ್ಲಿ ಕೂತ ಮುದಿ ಸಿಂಹಿಣಿಗೆ ಅತ್ತೆ. ಪೇಂಟರನ ಅತ್ತೆಯ ಕಣ್ಣೆಂದರೆ ಕಣ್ಣು. ಮೂರು ಗೋಡೆಯಾಚೆ ಅಳಿಯ ಸಕ್ಕರೆ ಡಬ್ಬಿ ಮುಚ್ಚಳ ತೆಗೆದರೂ ಕಾಣುತ್ತಿತ್ತು.

"ನನ್ನನ್ನ ಏನು ಅಂತ ಬರೀತಿದೀರಿ, ಅಳಿಯಂದ್ರೆ?"

"ಕಾಡಿನ ಮಹಾರಾಣಿ ಅಂತ, ಅತ್ತೆ."

"ಹಾಗಾದ್ರೆ ಸ್ವಲ್ಪ ಹತ್ತಿರದಿಂದಲೇ ನೋಡಿ," ಎಂದು ಅವರು ಕುರ್ಚಿ ಎಳೆದುಕೊಂಡರು. ಮರಿಗಳಿಗೆ ಎದುರಿಗೆ ಕೂರಿಸಲು ಏನೂ ಸಿಗದೆ ಭಾಮೈದನ ಅಂಗಡಿಯ ಎರಡು ದಿಂಬು ಇಟ್ಟುಕೊಂಡ. ಮರಿಗಳು ಸ್ವಲ್ಪ ಜಾಸ್ತಿಯೇ ಗುಂಡಗಾದವು.

ತಿಂಗಳು ಕಳೆಯುವಷ್ಟರಲ್ಲಿ ಆ ಬೀದಿಯ ನಾಯಿಗಳೆಲ್ಲ ಬೇರೆ ಬಡಾವಣೆಗೆ ಮನೆ ಬದಲಾಯಿಸಿದ್ದವು.

ದೊಡ್ಡಮ್ಮ ಬರುವ ದಿನ ಬೆಳಿಗ್ಗೆ ಚಿತ್ರವನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಗೋಡೆಗೆ ಏರಿಸಿದರು. ಮುಂದೆ ಪೇಂಟರ್, ಹಿಂದೆ ಭಾಮೈದ, ನಡುವೆ ಬಾಗಿದಲ್ಲಿ ಹೆಂಡತಿ. ಅತ್ತೆ ಪಕ್ಕದಲ್ಲಿ ನಡೆಯುತ್ತ ನಾಲ್ಕೂ ದಿಕ್ಕಿಗೆ ಬೈಯುತ್ತಿದ್ದರು. ಪೇಂಟರನ ಜೇಬಿನಲ್ಲಿ ಸಣ್ಣ ಬ್ರಷ್ಷು ಮತ್ತು ಹಳದಿ ಬಣ್ಣದ ಒಂದು ಪುಟ್ಟ ಡಬ್ಬಿ. ಅವನ ಅಪ್ಪ ಅಮ್ಮ ಇಟ್ಟ ಹೆಸರನ್ನು ವಾರದಿಂದ ಹಳೆ ಕಾಗದದ ಮೇಲೆ ಒಂಬತ್ತು ಥರ ಬರೆದು ನೋಡಿದ್ದ.

ದೊಡ್ಡಮ್ಮ ನೋಡಲು ಒಂದು ಹಿಡಿಯಷ್ಟಿದ್ದರು. ಮೊಣಕೈಯಿಂದ ಮುಂಗೈ ತನಕ ಉಗುರು ಎಳೆದ ಹಳೆಯ ಗಾಯದ ನಾಲ್ಕು ಗೆರೆ. ಕೈಯಲ್ಲಿ ಭೂತಗನ್ನಡಿ. ಯಾರನ್ನೂ ಮಾತಾಡಿಸದೆ ನೇರ ಸಿಂಹದ ಹತ್ತಿರ ಹೋದರು.

"ಮಲಗಿರೋ ರೀತಿ," ಎಂದರು ಬಹಳ ಹೊತ್ತಿನ ಮೇಲೆ. "ಎಲ್ಲರೂ ಗಂಡು ಸಿಂಹಾನ ಬಂಡೆ ಮೇಲೆ ನಿಲ್ಲಿಸಿ ಬರೀತಾರೆ. ದಿನಕ್ಕೆ ಇಪ್ಪತ್ತು ಗಂಟೆ ಹೀಗೇ ಬಿದ್ದಿರತ್ತೆ ಅದು. ಈ ಸೋಮಾರಿತನ ನೋಡಿದವರಿಗೇ ಗೊತ್ತು."

ಭಾಮೈದ ನಾಚಿ ತಲೆ ಕೆಳಗೆ ಹಾಕಿದ.

ದೊಡ್ಡಮ್ಮ ಮರದ ಬುಡಕ್ಕೆ ಬಂದರು. ಮುದಿ ಸಿಂಹಿಣಿಯ ಕಣ್ಣಿಗೆ ಭೂತಗನ್ನಡಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದು ಡಾಕ್ಟರಮ್ಮನನ್ನು ಕರೆದರು. "ಪುಟ್ಟಿ, ಬಾ ಇಲ್ಲಿ. ಸಿಂಹಾನ ನೋಡದವರು ಮನೆ ಬೆಕ್ಕನ್ನ ನೋಡಿ ಬರೀತಾರೆ. ಬಿಸಿಲಲ್ಲಿ ಬೆಕ್ಕಿನ ಕಣ್ಣಿನ ಪಾಪೆ ಸಣ್ಣ ಗೀರು. ಸಿಂಹದ್ದು ಹಾಗಲ್ಲ, ಗುಂಡಗೇ ಇರತ್ತೆ. ಇಲ್ಲಿ ನೋಡು, ಗುಂಡಗೆ! ಇವರು ಸಿಂಹದ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರೇ, ಅನುಮಾನ ಇಲ್ಲ."

"ದಿನಾ ನೋಡ್ತೀನಿ, ಮೇಡಂ," ಎಂದ ಪೇಂಟರ್. ಇದು ನಿಜವೇ ಆಗಿತ್ತು. ಅವನ ಎದೆ ಉಬ್ಬಿ ಅಂಗಿಯ ಒಂದು ಗುಂಡಿ ಹಾರಿತು. ಹೆಂಡತಿ ಅದನ್ನು ಗಾಳಿಯಲ್ಲೇ ಹಿಡಿದಳು. ಅವನ ಕೈ ತಾನಾಗಿಯೇ ಜೇಬಿನ ಬ್ರಷ್ಷನ್ನು ಮುಟ್ಟಿ ನೋಡಿತು.

ಆಮೇಲೆ ದೊಡ್ಡಮ್ಮ ಆಕಳಿಕೆಯ ಹತ್ತಿರ ಬಂದರು. ಅಲ್ಲಿಯೇ ನಿಂತರು. ಭೂತಗನ್ನಡಿಯನ್ನು ಹಿಂದಿನ ಹಲ್ಲಿನ ತನಕ ಸರಿಸಿದರು.

"ಹಿಂದಿನ ಹಲ್ಲು ಯಾಕೆ ಹೀಗಿವೆ? ಸಿಂಹದ ದವಡೆ ಹಲ್ಲು ಕತ್ತರಿ ಇದ್ದ ಹಾಗೆ. ಮಾಂಸ ಕತ್ತರಿಸತ್ತೆ, ನುಂಗತ್ತೆ. ಅರೆಯೋ ಕೆಲಸವೇ ಇಲ್ಲ. ಇವು ಒರಳುಕಲ್ಲಿನ ಹಾಗೆ ಚಪ್ಪಟೆ ಇದಾವಲ್ಲ?"

ಸಿಂಹದ ದವಡೆ ಹಲ್ಲನ್ನು ಪೇಂಟರ್ ಬೆಂಕಿಪೊಟ್ಟಣದ ಮೇಲೂ ಕಂಡಿರಲಿಲ್ಲ. ಬಾಯಿ ಮಾತ್ರ ಎಂದಿನಂತೆ ಸಿದ್ಧವಾಗಿತ್ತು.

"ಈ ಸಿಂಹ ಸ್ವಲ್ಪ ಬೇರೆ ಥರ, ಮೇಡಂ. ಬೇಟೆ ಕಮ್ಮಿ. ಗಡ್ಡೆ ಗೆಣಸು ಅಗೆದು ತಿಂತಿತ್ತು. ನನ್ನ ಕಣ್ಣಾರೆ ಕಂಡಿದೀನಿ. ತಿಂದೂ ತಿಂದೂ ಹಲ್ಲು ಸವೆದು ಚಪ್ಪಟೆಯಾಗಿಬಿಟ್ಟಿದೆ. ಅದರ ಅಜ್ಜನಿಂದ ಬಂದ ಅಭ್ಯಾಸವಂತೆ."

ದೊಡ್ಡಮ್ಮ ಅವನನ್ನು ದಿಟ್ಟಿಸಿದರು. ಗಾಯದ ಕೈಯಿಂದ ಗಲ್ಲ ಉಜ್ಜಿಕೊಂಡರು. ನಂಬಲಾಗದ ವಿಷಯ. ಆದರೆ ಆ ಕಣ್ಣು, ಆ ಮಲಗುವಿಕೆ ಅಷ್ಟು ಸರಿಯಾಗಿ ಬರೆದವನು ಹೇಳುತ್ತಿದ್ದಾನೆ. "ಬೋನಿನಲ್ಲಂತೂ ನಾನು ಇಂಥದ್ದು ಕಂಡಿಲ್ಲ. ಕಾಡಲ್ಲಿ ಏನೇನಿದೆಯೋ... ಹದಿನೆಂಟು ದಿನ ಜೊತೆಗಿದ್ದವರು ಹೇಳ್ತಿದಾರೆ ಅಂದ್ಮೇಲೆ ಇದ್ರೂ ಇರಬಹುದು. ಆಯ್ತು ಪುಟ್ಟಿ, ಹೆಸರು ಬರೆಸು."

ಗೆದ್ದೇಬಿಟ್ಟ! ಪೇಂಟರ್ ಹಳದಿ ಡಬ್ಬಿಯ ಮುಚ್ಚಳ ತೆಗೆದ. ಬ್ರಷ್ಷು ಅದ್ದಿದ. ಬಲಮೂಲೆಯಲ್ಲಿ ಮಂಡಿಯೂರಿ, ಉಸಿರು ಬಿಗಿಹಿಡಿದ.

"ಒಂದು ನಿಮಿಷ," ಎಂದರು ಡಾಕ್ಟರಮ್ಮ. ಅವರು ಸಿಂಹದ ಬಾಯಿಯೊಳಗೆ ಇಣುಕುತ್ತಿದ್ದರು. ಅಭ್ಯಾಸಬಲದಿಂದ ಕೈಯಲ್ಲಿ ಪುಟ್ಟ ಕನ್ನಡಿಯನ್ನೂ ಹಿಡಿದಿದ್ದರು. "ಅಯ್ಯೋ ಪಾಪ. ಕೆಳಗಡೆ, ಎಡಭಾಗ, ಕೊನೆಯಿಂದ ಎರಡನೇದು. ಎಂಥಾ ತೂತು! ಇಲ್ಲಿ ವಸಡು ಊದಿದೆ ನೋಡಿ, ಬುಡದಲ್ಲಿ ಬೆಳ್ಳಗೆ ಕೀವು. ಎಷ್ಟು ಚೆನ್ನಾಗಿ ಗಮನಿಸಿದೀರಿ! ನೀವು ಬರೆದಾಗಲೇ ಹೀಗಿತ್ತಾ?"

"ಇತ್ತು, ಮೇಡಂ."

"ಮನುಷ್ಯರಾಗಿದ್ರೆ ಇವತ್ತೇ ಹಿಡಿದು ಕುರ್ಚೀಲಿ ಕೂರಿಸ್ತಿದ್ದೆ. ಕೀವು ದವಡೆಯಿಂದ ಕುತ್ತಿಗೆಗೆ ಇಳಿದ್ರೆ ಉಸಿರೇ ಕಟ್ಟಬಹುದು. ಸಿಂಹ ಅಲ್ವಾ, ಕಾಡಲ್ಲಿದೆ, ಯಾರೇನು ಮಾಡೋಕಾಗತ್ತೆ? ಇರಲಿ, ಬರೀರಿ ಬರೀರಿ."

ಮಂಡಿಯೂರಿದ್ದ ಪೇಂಟರ್ ನಿಧಾನವಾಗಿ ಕತ್ತು ತಿರುಗಿಸಿದ. ಬಾಗಿಲ ಬಳಿ ಭಾಮೈದ ನಿಂತಿದ್ದ, ಅಂಗೈಯಿಂದ ಎಡಕೆನ್ನೆ ಮುಚ್ಚಿಕೊಂಡು. ಮುಖದ ಬಣ್ಣ ಸುಣ್ಣಕ್ಕಿಂತ ಬಿಳಿ. ಬೇಡ ಭಾವ, ಹೇಳಬೇಡಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ ಭಾವ ಎಂದು ಅವನ ಕಣ್ಣು, ಹುಬ್ಬು, ಮೀಸೆ ಎಲ್ಲವೂ ಒಟ್ಟಿಗೆ ಬೇಡಿಕೊಳ್ಳುತ್ತಿದ್ದವು.

ಬಲಗಡೆ ಆಕಳಿಸಿದರೇ ಆರಾಮ! ಪೇಂಟರನಿಗೆ ಒಮ್ಮೆಲೇ ಎಲ್ಲವೂ ನೆನಪಾಯಿತು. ಆ ತೂತಿಗೆ ಮೂರು ಬಗೆಯ ಕಪ್ಪು ಕಲಸಿದ್ದ, ಎಷ್ಟು ಒಳ್ಳೆಯ ನೆರಳು ಎಂದು ಹಿಗ್ಗಿದ್ದ. ಆ ಕೀವಿಗೆ ಬಿಳಿಯಲ್ಲಿ ಒಂದು ಚೂರು ಹಳದಿ ಬೆರೆಸಿದ್ದ, ಈಗ ಬ್ರಷ್ಷಿನ ತುದಿಯಲ್ಲಿದ್ದ ಇದೇ ಹಳದಿ. ಸುಮ್ಮನಿದ್ದರೆ ಹೆಸರು ಸಿಗುತ್ತದೆ. ಭಾಮೈದನೂ ಸುಮ್ಮನಿರು ಎಂದೇ ಬೇಡುತ್ತಿದ್ದಾನೆ. ಹುಟ್ಟಿದಾಗಿನಿಂದ ಒಂದು ದಿನವೂ ಕೈಕೊಡದ ಬಾಯಿ ಇನ್ನೊಂದು ಸುಳ್ಳನ್ನು ಆಗಲೇ ನಾಲಿಗೆಯ ತುದಿಗೆ ತಂದಿಟ್ಟಿತ್ತು.

ಅವನು ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡಡ್ಡ ಇಟ್ಟ.

"ಮೇಡಂ, ಆ ಸಿಂಹ ಕಾಡಲ್ಲಿಲ್ಲ. ನಿಮ್ಮ ಬಾಗಿಲ ಹತ್ರ ಚಪ್ಪಲಿ ಹುಡುಕ್ತಾ ಇದೆ. ಹಿಡೀರಿ!"

ಭಾಮೈದ ಜಿಗಿದ ಜಿಗಿತ ನೋಡಿದ್ದರೆ ಕಾಡಿನ ಸಿಂಹಗಳು ಕೆಲಸ ಬಿಟ್ಟು ಹಾಸಿಗೆ ಅಂಗಡಿಗೆ ಸೇರುತ್ತಿದ್ದವು. ಹತ್ತು ವರ್ಷ ಮಲಗಿದವನ ಕಾಲಿನಲ್ಲಿ ಅಷ್ಟು ಶಕ್ತಿ ಕೂಡಿಕೊಂಡಿತ್ತು. ಆದರೆ ಬಾಗಿಲಲ್ಲಿ ಮುದಿ ಸಿಂಹಿಣಿ ಕೂತಿತ್ತು. ಅತ್ತೆ ಎದ್ದೂ ಏಳದೆ ಕೈ ಚಾಚಿ ಮಗನ ಕಿವಿ ಹಿಡಿದರು.

"ಎಲ್ಲಿಗೋ?"

"ಅಮ್ಮಾ, ಅಂಗಡಿ ಬಾಗಿಲು ತೆಗೀಬೇಕು!"

"ಮೊದಲು ನಿನ್ನ ಬಾಯಿ ತೆಗಿ."

ಇನ್ನೊಂದು ಕಡೆಯಿಂದ ಹೆಂಡತಿ ಕನ್ನಡಕದ ಮೇಲಿಂದ ತಮ್ಮನನ್ನು ನೋಡುತ್ತ, ಸದ್ದಿಲ್ಲದೆ, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ದೊಡ್ಡಮ್ಮ ಒಮ್ಮೆ ಅವಳನ್ನು, ಒಮ್ಮೆ ಚಿತ್ರದ ಹುಲ್ಲಿನಲ್ಲಿ ಹೊಂಚುಹಾಕಿದ್ದ ಹೆಣ್ಣುಸಿಂಹವನ್ನು ನೋಡಿದರು. ಅತ್ತೆಯನ್ನು ನೋಡಿದರು, ಮರದ ಬುಡ ನೋಡಿದರು. ಭೂತಗನ್ನಡಿ ಅವರ ಕೈಯಿಂದ ಜಾರಿ ಬೆಂಚಿನ ಮೇಲೆ ಬಿತ್ತು.

"ಇಡೀ ಮನೆಯವರನ್ನೇ ಬರೆದುಬಿಟ್ಟಿದೀರಾ?"

"ಎದುರಿಗೆ ಇಲ್ಲದ್ದು ನನ್ನ ಕೈಗೆ ಬರಲ್ಲ, ಮೇಡಂ," ಎಂದ ಪೇಂಟರ್, ನೆಲ ನೋಡುತ್ತ. "ಹದಿನೆಂಟು ದಿನ ಅಂದಿದ್ದು ಬುರುಡೆ. ಒಂದು ದಿನವೂ ಇಲ್ಲ. ಸಿಂಹವನ್ನೇ ನೋಡಿಲ್ಲ. ಆ ಕಣ್ಣು ನಮ್ಮತ್ತೆಯವರದ್ದು. ಮರಿಗಳು ದಿಂಬು. ಸುಣ್ಣ ನಾನೇ ಬಳಿದುಕೊಟ್ಟು ಹೋಗ್ತೀನಿ."

ಡಾಕ್ಟರಮ್ಮ ದೊಡ್ಡಮ್ಮನ ಮುಖ ನೋಡಿದರು. ಆಮೇಲೆ ಆ ಹಿಡಿಯಷ್ಟು ದೊಡ್ಡಮ್ಮನ ಹೊಟ್ಟೆಯಿಂದ ಒಂದು ನಗು ಹೊರಟಿತು ನೋಡಿ! ಕಿಟಕಿಯ ಗಾಜುಗಳು ಗಲಗಲ ಅಂದವು. ಸರದಿಗಾಗಿ ಮೆಟ್ಟಿಲ ಮೇಲೆ ಕಾದಿದ್ದ ಆರು ರೋಗಿಗಳು ಏನೆಂದು ತಿಳಿಯದೆ ತಾವೂ ನಕ್ಕರು; ಅವರಲ್ಲಿ ಒಬ್ಬರ ಅಲುಗಾಡುತ್ತಿದ್ದ ಹಲ್ಲು ತಾನಾಗಿಯೇ ಉದುರಿ ಅವರು ಮನೆಗೆ ಹೋದರು.

"ಸುಣ್ಣ ಬೇಡ," ಎಂದರು ದೊಡ್ಡಮ್ಮ, ಕಣ್ಣೊರೆಸಿಕೊಂಡು. "ನೀವು ಇಷ್ಟು ಹೇಳಿದ ಮೇಲೆ ನಾನೂ ಹೇಳ್ಬೇಕು. ಮೂವತ್ತು ವರ್ಷ ಬೋನಿನ ಸಿಂಹ ನೋಡಿದೀನಿ. ಕಾಡಿನ ಸಿಂಹ ನಾನೂ ನೋಡಿಲ್ಲ! ಯಾರಾದ್ರೂ ಕೇಳಿದ್ರೆ ಗಂಭೀರವಾಗಿ ತಲೆ ಆಡಿಸ್ತೀನಿ. ಆದ್ರೆ ನಮ್ಮಲ್ಲಿದ್ದ ಮುದುಕಿ ಸಿಂಹಿಣಿ ನನ್ನನ್ನ ನೋಡ್ತಿದ್ದದ್ದು ಹೀಗೇ. ಗಂಡು ಬಿದ್ಕೊಂಡಿರ್ತಿದ್ದದ್ದು ಹೀಗೇ. ತಪ್ಪಿರೋದು ಹಲ್ಲೊಂದೇ. ನಮ್ಮನೇಲಿ ಅದರ ಎರಡೂ ದವಡೆಯ ಅಚ್ಚಿದೆ, ಪ್ಲಾಸ್ಟರಿಂದು. ತರ್ತೀನಿ. ಎದುರಿಗಿಟ್ಟುಕೊಂಡು ತಿದ್ದಿ, ಹೆಸರು ಬರೀರಿ."

ಅವತ್ತು ಮಧ್ಯಾಹ್ನ ಆ ಆಸ್ಪತ್ರೆಯಲ್ಲಿ ಎರಡು ಬಾಯಿಗಳ ರಿಪೇರಿ ಒಟ್ಟಿಗೆ ನಡೆಯಿತು. ಒಳಗೆ ಕುರ್ಚಿಯಲ್ಲಿ ಭಾಮೈದ. ಅವನ ಒಂದು ಕೈ ಅಕ್ಕನ ಹಿಡಿತದಲ್ಲಿ, ಇನ್ನೊಂದು ಅಮ್ಮನ ಹಿಡಿತದಲ್ಲಿ. ಹೊರಗೆ ಪೇಂಟರ್, ಮೊಣಕಾಲ ಮೇಲೆ ಪ್ಲಾಸ್ಟರಿನ ದವಡೆ ಇಟ್ಟುಕೊಂಡು, ಮೂವತ್ತು ಹಲ್ಲನ್ನು ಮೂರು ಸಲ ಎಣಿಸಿ, ಕತ್ತರಿಯಂಥ ದವಡೆ ಹಲ್ಲುಗಳನ್ನು ಬರೆಯುತ್ತಿದ್ದ. ಒಳಗಿನಿಂದ ಭಾಮೈದ "ಆಆ" ಎಂದಾಗಲೆಲ್ಲ ಗೋಡೆಯ ಸಿಂಹವೇ ಕೂಗಿದಂತಾಗಿ, ಬೆಂಚಿನ ಮೇಲಿದ್ದವರು ಕಾಲೆತ್ತಿ ಕೂರುತ್ತಿದ್ದರು. ಆದರೆ ಒಬ್ಬರೂ ಎದ್ದು ಹೋಗಲಿಲ್ಲ. ಮುಂದೇನಾಗುತ್ತದೋ ನೋಡಬೇಕಿತ್ತಲ್ಲ!

ಕೊನೆಗೆ ಬಲಮೂಲೆ ಬಂತು. ಹಳದಿ ಬಣ್ಣ ಸಿದ್ಧ, ಆದರೆ ಕೈ ನಿಂತುಹೋಯಿತು. ಒಂಬತ್ತು ಥರ ಬರೆದು ನೋಡಿದ್ದ ಆ ಹೆಸರು ಯಾರದೋ ಅಪರಿಚಿತನದ್ದೆನಿಸಿತು.

ಒಳಗಿನಿಂದ ಬಂದ ಹೆಂಡತಿ ಭುಜದ ಮೇಲಿಂದ ಇಣುಕಿದಳು. "ಏನ್ರೀ ಯೋಚನೆ? ಆ ಹೆಸರು ಬರೆದ್ರೆ ಯಾರಿಗ್ರೀ ಗೊತ್ತಾಗತ್ತೆ? ಅಂಚೆಯವನಿಗೇ ಗೊತ್ತಿಲ್ಲ."

ಪೇಂಟರ್ ಒಂದು ಕ್ಷಣ ಯೋಚಿಸಿದ. ನಕ್ಕ. ಆಮೇಲೆ ಕೈ ತಾನಾಗಿಯೇ ಓಡಿತು: ಹಳದಿ ಅಕ್ಷರ, ಕೆಂಪು ನೆರಳು, ಅಂಚಿಗೆ ಕಪ್ಪು ಗೆರೆ. ಮೂಲೆಯಲ್ಲಿ ಸಣ್ಣಗೆ ಬರೆಯಬೇಕಾದದ್ದು ಒಂದೂವರೆ ಅಡಿ ಎತ್ತರವಾಗಿ, ದಿಂಬಿನ ಮರಿಗಳ ಬಾಲವನ್ನು ಮುಚ್ಚಿ, ಬೀದಿಯಾಚೆಯ ಬಸ್ಸಿನಿಂದಲೂ ಓದುವ ಹಾಗೆ ಹೊಳೆಯಿತು: ಬುರುಡೆ ಪೇಂಟರ್. ಬರೆದು ಮುಗಿದರೂ ಕೈ ನಿಲ್ಲಲಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸ. ಹೆಸರಿನ ಕೆಳಗೆ ದಪ್ಪನೆಯ ಬಾಣದ ಗುರುತೊಂದನ್ನು ಎಳೆದು, 'ಒಳಗೆ ಬನ್ನಿ' ಎಂದೂ ಸೇರಿಸಿಬಿಟ್ಟಿತು.

"ಅಯ್ಯಯ್ಯೋ!" ಎಂದು ಪೇಂಟರ್ ತಲೆ ಮೇಲೆ ಕೈ ಹೊತ್ತ.

ಡಾಕ್ಟರಮ್ಮ ಹೊರಗೆ ಬಂದು ನೋಡಿದರು. ಬಾಣ ತಮ್ಮ ಕೋಣೆಯ ಬಾಗಿಲಿಗೆ ಸರಿಯಾಗಿ ಗುರಿಯಿಟ್ಟಿತ್ತು. ಬೆಂಚಿನ ಮೇಲಿದ್ದ ಮೊದಲ ರೋಗಿ ಅದನ್ನು ಓದಿ, ಎದ್ದು, ತುಟಿಪಿಟಕ್ಕೆನ್ನದೆ ನೇರವಾಗಿ ಒಳಗೆ ಹೋದ.

"ಇರಲಿ ಬಿಡಿ," ಎಂದರು ಡಾಕ್ಟರಮ್ಮ. "ಅದನ್ನ ಮಾತ್ರ ಅಳಿಸಬೇಡಿ."

ಒಳಗಿನಿಂದ ಭಾಮೈದ ಬಂದ. ಕೆನ್ನೆ ಮರಗಟ್ಟಿ ಬಾಯಿ ಒಂದು ಕಡೆಗೆ ಜೋತಿತ್ತು. ಸಿಂಹದ ಹೊಸ ಹಲ್ಲುಗಳನ್ನು ಬಹಳ ಹೊತ್ತು ನೋಡಿದ. "ಭಾವ," ಎಂದ ತೊದಲುತ್ತ, "ಹಲ್ಲು ನನಗಿಂತ ಅದಕ್ಕೇ ಚೆನ್ನಾಗಿ ಕೂರಿಸಿದೀರಿ."

"ಮತ್ತೆ? ನಿನ್ನ ಭಾವ ಅಂದ್ರೆ ಏನಂದ್ಕೊಂಡೆ?" ಎಂದ ಪೇಂಟರ್, ಬ್ರಷ್ಷು ಒರೆಸುತ್ತ. ಬಾಯಿಗೆ ಅದರ ಹಳೆಯ ಕೆಲಸ ವಾಪಸ್ಸು ಸಿಕ್ಕಿತ್ತು. "ಇದಕ್ಕಿಂತ ದೊಡ್ಡ ಸಿಂಹದ ಹಲ್ಲು ತಿದ್ದಿದವನು ನಾನು. ಅದೂ ಜೀವಂತ ಸಿಂಹ. ಬೇಕಾದ್ರೆ ನಿನ್ನ ಅಕ್ಕನನ್ನ, ಅಮ್ಮನನ್ನ ಕೇಳು, ಎಷ್ಟು ಜನ ಹಿಡ್ಕೊಂಡಿದ್ರು ಅಂತ."